ಗುತ್ತಿಗೆದಾರರಿಗೆ ಸಮಗ್ರ ತಂತ್ರಾಂಶ: ಆಯ್ಕೆಗೆ ಮುನ್ನ

ಅಂದಾಜುಪಟ್ಟಿ, ಬಿಲ್ಲು, ದಾಸ್ತಾನು, ಕೂಲಿ, ತೆರಿಗೆ ಇವೆಲ್ಲವನ್ನೂ ಒಂದೆಡೆ ನಿರ್ವಹಿಸುವ ತಂತ್ರಾಂಶಗಳು ಇಂದು ಸಣ್ಣ ಗುತ್ತಿಗೆದಾರರಿಗೂ ಲಭ್ಯವಿವೆ. ಆದರೆ ಅಂಗಡಿಯ ಲೆಕ್ಕಕ್ಕೆ ಒಪ್ಪುವುದೆಲ್ಲವೂ ಗುತ್ತಿಗೆಯ ಲೆಕ್ಕಕ್ಕೆ ಒಪ್ಪದು.

ಉದಾಹರಣೆಗೆ, ವೈಯಕ್ತಿಕ ಗುತ್ತಿಗೆದಾರರೊಬ್ಬರು ಸರ್ಕಾರಿ ಇಲಾಖೆಗೆ ಜಿಎಸ್‌ಟಿ ಹೊರತುಪಡಿಸಿ ರೂ. 10 ಲಕ್ಷದ ಬಿಲ್ಲು ಸಲ್ಲಿಸಿದ್ದಾರೆನ್ನೋಣ. ಆದಾಯ ತೆರಿಗೆಯ ಟಿಡಿಎಸ್ ಶೇ. 1ರಂತೆ ರೂ. 10,000, ಕರಾರಿನ ಮೊತ್ತ ರೂ. 2.5 ಲಕ್ಷ ಮೀರಿರುವುದರಿಂದ ಜಿಎಸ್‌ಟಿ ಟಿಡಿಎಸ್ ಶೇ. 2ರಂತೆ ರೂ. 20,000; ಕರಾರಿನಲ್ಲಿ ಭದ್ರತಾ ಠೇವಣಿ ಶೇ. 5 ಎಂದಿದ್ದರೆ ರೂ. 50,000. ಹೀಗೆ ಒಟ್ಟು ರೂ. 80,000 ಕಡಿತವಾಗುತ್ತದೆ. ಇದು ವೆಚ್ಚವಲ್ಲ, ಗುತ್ತಿಗೆದಾರರದೇ ಹಣ. ಮೊದಲನೆಯದನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ಕೋರಬೇಕು. ಎರಡನೆಯದು ಪೋರ್ಟಲ್‌ನಲ್ಲಿ ಅಂಗೀಕರಿಸಿದ ನಂತರವೇ ನಗದು ಖಾತೆಗೆ ಜಮೆಯಾಗುತ್ತದೆ. ಮೂರನೆಯದನ್ನು ನಿರ್ವಹಣಾ ಅವಧಿ ಮುಗಿದೊಡನೆ ಕೇಳಿ ಪಡೆಯಬೇಕು. ಈ ಮೂರನ್ನೂ ಕಾಮಗಾರಿವಾರು ತೋರಿಸದ ತಂತ್ರಾಂಶ ಎಷ್ಟೇ ಅಗ್ಗವಾದರೂ ದುಬಾರಿಯೇ ಸರಿ.

ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಆದ್ದರಿಂದ ಚಂದಾ ನಿಲ್ಲಿಸಿದ ಮೇಲೂ ದಾಖಲೆಗಳು ಕೈಗೆ ಸಿಗುವುವೇ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಿರಿ.

ಹಣ ಪಾವತಿಸುವ ಮುನ್ನ, ಈಗಾಗಲೇ ಮುಗಿದಿರುವ ತಮ್ಮದೇ ಒಂದು ಕಾಮಗಾರಿಯ ಲೆಕ್ಕವನ್ನು ಅದರಲ್ಲಿ ಬರೆದು ತಾಳೆ ನೋಡುವುದು ಲೇಸು.