ಮಣಿಗೋಪುರದ ಹಗುರ ಸ್ಕಾರ್ಫ್

ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿಯತ್ತ ಬರುವವರಿಗೆ ಮೊದಲು ಎದುರಾಗುವುದು ಸಿಲ್ಕ್ ಬೋರ್ಡ್ ವೃತ್ತ. ವಾಹನಗಳ ದಟ್ಟಣೆಗೆ ಹೆಸರಾದ ಈ ವೃತ್ತಕ್ಕೆ ಆ ಹೆಸರು ಬಂದದ್ದು 1948ರ ಕಾಯಿದೆಯಂತೆ ರೂಪುಗೊಂಡ ಕೇಂದ್ರ ರೇಷ್ಮೆ ಮಂಡಳಿಯಿಂದ ಎಂಬುದನ್ನು ನಾವು ನೆನೆಯುವುದೇ ಅಪರೂಪ. ಅದರಾಚೆ ಸಿದ್ಧ ಉಡುಪುಗಳ ಕಾರ್ಖಾನೆಗಳ ಸೀಮೆ. 2016ರ ಏಪ್ರಿಲ್ ತಿಂಗಳಲ್ಲಿ, ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾಯಿತೆಂದು ಸಾವಿರಾರು ಮಹಿಳೆಯರು ಇದೇ ರಸ್ತೆಗಿಳಿದು ಅದನ್ನು ಹಿಂತೆಗೆಸಿದ್ದು ಓದುಗರಿಗೆ ನೆನಪಿರಬಹುದು.

ನಮ್ಮ ನೆರೆಮನೆಯ ಸೋದರಿ ಅಂಥದೊಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದವರು. ಅಷ್ಟು ಕಾಲವೂ ಹೊಲಿದದ್ದು ಅಂಗಿಯ ಕಾಲರುಗಳನ್ನು ಮಾತ್ರ. "ಅಕ್ಕಾ, ಇಡಿಯಾಗಿ ಒಂದು ಬಟ್ಟೆ ನನ್ನ ಕೈಯಿಂದ ಆಗಲೇ ಇಲ್ಲ. ಮಗಳ ಮದುವೆಗೆ ಏನಾದರೂ ಒಂದನ್ನು ಮೊದಲಿನಿಂದ ಕೊನೆವರೆಗೆ ನಾನೇ ಮಾಡಬೇಕು" ಎಂದರು. ಮದುವೆಗೆ ಉಳಿದಿದ್ದುದು ಎರಡೂವರೆ ತಿಂಗಳು. ರೇಷ್ಮೆ ನೂಲಿನ ಹಗುರವಾದ ಸ್ಕಾರ್ಫ್, ಅದರ ಎರಡೂ ತುದಿಗೆ ಮಣಿಯ ಅಲಂಕಾರ ಎಂದು ನಿಶ್ಚಯಿಸಿದೆವು.

ಮೊದಲ ಪ್ರಯತ್ನ ಹಾಳಾಯಿತು. ತಪ್ಪು ನನ್ನದೇ. ಆರುನೂರು ಮಣಿಗಳನ್ನು ಮೊದಲೇ ನೂಲಿಗೆ ಪೋಣಿಸಿ ಹೆಣೆಯಲು ಹೇಳಿದ್ದೆ. ಪ್ರತಿ ಸಾಲಿಗೂ ಮಣಿಗಳನ್ನು ಹಿಂದಕ್ಕೆ ಸರಿಸುತ್ತಿದ್ದಂತೆ ನೂಲು ಸವೆದು ನವಿರೆದ್ದು, ಒಂದು ಸಂಜೆ ಫಟ್ಟನೆ ಹರಿಯಿತು. ಮಂಚದಡಿಯೆಲ್ಲ ಮಣಿ. ಹನ್ನೆರಡು ದಿನಗಳ ಶ್ರಮ ವ್ಯರ್ಥವಾಯಿತು.

ಆಮೇಲೆ ಹಿಡಿದದ್ದು ಕ್ರೋಶಾ ಕಡ್ಡಿಯ ದಾರಿ. 0.75 ಮಿಲಿಮೀಟರಿನ ಕಡ್ಡಿಗೆ ಒಂದು ಮಣಿಯನ್ನು ಏರಿಸಿಕೊಂಡು, ಎಡಗೈ ಸೂಜಿಯ ಮೇಲಿನ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ, ಮಣಿಯನ್ನು ಕುಣಿಕೆಯ ಮೇಲಕ್ಕೆ ಜಾರಿಸಿ, ಕುಣಿಕೆಯನ್ನು ಮತ್ತೆ ಸೂಜಿಗೆ ಹಾಕಿ ಹೆಣೆಯಬೇಕು. ನಿಧಾನದ ಕೆಲಸ, ಆದರೆ ನೂಲು ಸವೆಯದು, ಮಣಿ ಬೇಕಾದಲ್ಲೇ ನಿಲ್ಲುವುದು. ಸುಮಾರು ಮೂರು ಮಿಲಿಮೀಟರಿನ 8 ನಂಬರ್ ಗಾಜಿನ ಮಣಿ ಇದಕ್ಕೆ ತಕ್ಕದ್ದು. ಇನ್ನೂರು ಮಣಿಗಳು ಐದಾರು ಗ್ರಾಂ ಮಾತ್ರ ತೂಗುವುದರಿಂದ ಸ್ಕಾರ್ಫ್ ಕೊರಳನ್ನು ಜಗ್ಗದು. ಕೊಂಡೊಡನೆ ನಾಲ್ಕು ಮಣಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದೋ ಎಂದು ನೋಡಿಬಿಡಿ. ಅಂಗಡಿಯವರ ಆಣೆಯನ್ನು ನಂಬಬೇಡಿ.

ಚಿತ್ತಾರಕ್ಕೆ ಧಾರವಾಡದ ತವರಿನಿಂದ ಬಂದ ಕಸೂತಿಯ ಗೋಪುರವನ್ನೇ ಆರಿಸಿದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಯಾವುದೇ ಇರಲಿ, ಕಸೂತಿ ನಡೆಯುವುದು ಎಳೆಗಳ ಎಣಿಕೆಯಲ್ಲಿ. ಹೆಣಿಗೆ ನಡೆಯುವುದು ಕುಣಿಕೆಗಳ ಎಣಿಕೆಯಲ್ಲಿ. ಹಾಗೆಂದು ಚೌಕುಳಿ ಕಾಗದದ ಗೋಪುರವನ್ನು ನಯವಾದ ಸಾದಾ ಹೆಣಿಗೆಗೆ ಇದ್ದಂತೆಯೇ ಇಳಿಸಿದರೆ ಅದು ಕುಳ್ಳಾಗುತ್ತದೆ, ಏಕೆಂದರೆ ಅಲ್ಲಿ ಕುಣಿಕೆಯ ಅಗಲ ಎತ್ತರಕ್ಕಿಂತ ಹೆಚ್ಚು. ಎರಡೂ ಮಗ್ಗುಲಲ್ಲಿ ನಿಟ್ ಸಾಲನ್ನೇ ಹೆಣೆದರೆ, ಎರಡು ಸಾಲುಗಳ ಎತ್ತರ ಒಂದು ಕುಣಿಕೆಯ ಅಗಲಕ್ಕೆ ಸರಿಸುಮಾರು ಸಮನಾಗುತ್ತದೆ. ಮುಮ್ಮಗ್ಗುಲ ಸಾಲಿನಲ್ಲಿ ಮಾತ್ರ ಮಣಿ ಇಟ್ಟರೆ ಗೋಪುರ ನೆಟ್ಟಗೆ ನಿಲ್ಲುತ್ತದೆ.

ನಾಲ್ಕು ಮಿಲಿಮೀಟರಿನ ಬಿದಿರಿನ ಸೂಜಿ (ಲೋಹದ ಮೇಲೆ ರೇಷ್ಮೆ ಜಾರುತ್ತದೆ), 50 ಗ್ರಾಮಿಗೆ ಸುಮಾರು 400 ಮೀಟರು ಬರುವ ನೂಲು, 45 ಕುಣಿಕೆ, 540 ಸಾಲು. ಒಟ್ಟು 24,300 ಕುಣಿಕೆಗಳಾದವು. ಸುಮಾರು 25 ಸೆಂಟಿಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ. ಎರಡನೆಯ ತುದಿಯ ಗೋಪುರವನ್ನು ಕಳಸದಿಂದ ಆರಂಭಿಸಬೇಕು. ಇಲ್ಲವಾದರೆ ಸ್ಕಾರ್ಫ್ ಹೊದ್ದಾಗ ಒಂದು ತುದಿಯ ಗೋಪುರ ತಲೆಕೆಳಗಾಗುತ್ತದೆ. ಮುಗಿದ ಮೇಲೆ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಬಟ್ಟೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರಡಿ, ಅಂಚಿಗೆ ಗುಂಡುಸೂಜಿ ಚುಚ್ಚಿ ನೆರಳಲ್ಲಿ ಒಣಗಿಸಿದೆವು.

ಮದುವೆಗೆ ನಾಲ್ಕು ದಿನ ಮೊದಲು ಕೆಲಸ ಮುಗಿಯಿತು. ಬಲತುದಿಯ ಗೋಪುರದಲ್ಲಿ ಒಂದು ಮಣಿ ಕಡಿಮೆಯಿದೆ. ಸೂಜಿದಾರದಿಂದ ಹೊಲಿದು ಕೊಡುತ್ತೇನೆಂದೆ. "ಬೇಡ ಅಕ್ಕಾ, ನೀವು ಮುಟ್ಟಬೇಡಿ" ಎಂದು ಮಡಿಸಿ ಒಳಗಿಟ್ಟರು.