ರೋಗಿ ಇರುವ ಮನೆಗೆ ಮಳೆನೀರು ನುಗ್ಗಿದರೆ: ನಾಚಾರಂ ನಿವಾಸಿಗಳಿಗೆ ಮಾಹಿತಿ

ಹೈದರಾಬಾದಿನ ನಾಚಾರಂನಲ್ಲಿ ಮನೆಗಳಿಗೆ ನೀರು ನುಗ್ಗುವ ಅಪಾಯ ಹೆಚ್ಚಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಚರಂಡಿ ಸಾಲದಾದಾಗ, ಕೆರೆ ಕೋಡಿ ಹರಿದಾಗ ತಗ್ಗಿನ ಬೀದಿಗಳು ಕೆಲವೇ ಗಂಟೆಗಳಲ್ಲಿ ತುಂಬುತ್ತವೆ. 2020ರ ಅಕ್ಟೋಬರ್ 13–14ರಂದು ಬೇಗಂಪೇಟೆಯಲ್ಲಿ 24 ಗಂಟೆಗಳಲ್ಲಿ ಸುಮಾರು 19 ಸೆಂ.ಮೀ. ಮಳೆ ಸುರಿಯಿತು, ನಾಚಾರಂ ಪಕ್ಕದ ಹಬ್ಸಿಗುಡ, ಉಪ್ಪಲ್ ಕಡೆ ಮನೆಗಳೊಳಗೇ ನೀರು ನಿಂತಿತು. 1908ರ ಮೂಸಿ ಪ್ರವಾಹದ ಬಳಿಕ ವಿಶ್ವೇಶ್ವರಯ್ಯನವರ ಸಲಹೆಯಂತೆ ಕಟ್ಟಿದ ಜಲಾಶಯಗಳು ನದಿಯನ್ನು ಹಿಡಿದಿಡುತ್ತವೆ. ಬಡಾವಣೆಯ ಮೇಲೇ ಸುರಿದ ಮಳೆಗೆ ಅವು ಏನೂ ಮಾಡಲಾರವು.

ಹಾಸಿಗೆ ಹಿಡಿದವರು, ಆಕ್ಸಿಜನ್ ಅಥವಾ ಡಯಾಲಿಸಿಸ್ ಬೇಕಾದವರು ಮನೆಯಲ್ಲಿದ್ದರೆ ಬೀದಿಯಲ್ಲಿ ನೀರು ಏರುವ ಮೊದಲೇ ಅವರನ್ನು ಮೇಲಿನ ಮಹಡಿಗೋ ನೆಂಟರ ಮನೆಗೋ ಸಾಗಿಸಿ. ಮೊಣಕಾಲುದ್ದ ನೀರಿನಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬರುವುದು ಕಷ್ಟ. ಸಾಮಾನು ಆಮೇಲೆ ಎತ್ತಿಡಬಹುದು.

ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕರೆಂಟ್ ಹೋದರೆ ನಿಲ್ಲುತ್ತದೆ; ತುಂಬಿದ ಸಿಲಿಂಡರ್ ಒಂದು ಜೊತೆಗಿರಲಿ, ಅದು ಎಷ್ಟು ಗಂಟೆ ಬರುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಫ್ರಿಜ್ ನಿಂತ ಮಾತ್ರಕ್ಕೆ ಇನ್ಸುಲಿನ್ ಎಸೆಯಬೇಡಿ. ಹೆಚ್ಚಿನ ಬಗೆಯ ಇನ್ಸುಲಿನ್ 30 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ ಸುಮಾರು 4 ವಾರ ಬಳಸಲು ಬರುತ್ತದೆ. ಭಾರೀ ಮಳೆಯ ಮುನ್ಸೂಚನೆ ಇದ್ದರೆ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ, ಒಂದು ದಿನ ಮೊದಲೇ ಮಾಡಿಸಿಕೊಳ್ಳಬಹುದೇ ಎಂದು ಕೇಳಿ. ಸರದಿ ತಪ್ಪಿದರೆ ಬಾಳೆಹಣ್ಣು, ಎಳನೀರು ಮುಟ್ಟಬೇಡಿ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ಅವುಗಳಲ್ಲಿನ ಪೊಟ್ಯಾಸಿಯಂ ಅಪಾಯಕಾರಿ.

ಬಾಗಿಲಿಗೆ ಮರಳಿನ ಚೀಲ ಜೋಡಿಸಿದರೂ ನೀರು ಬಚ್ಚಲಿನಿಂದ, ಶೌಚಾಲಯದಿಂದ ಉಕ್ಕಬಹುದು. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿ ಆ ಬಾಯಿಗಳ ಮೇಲೆ ಒತ್ತಿಡಿ. ನೀರು ಒಳಬರುವ ಮುನ್ನವೇ ಮೇನ್ ಸ್ವಿಚ್ ಆರಿಸಿ; ನೀರಿನಲ್ಲಿ ನಿಂತು ಅದನ್ನು ಮುಟ್ಟಲೇಬಾರದು.

ಹೆಚ್ಚಿನವರು ಮರೆಯುವುದು ಸಂಪ್. ಅದರ ಮುಚ್ಚಳದ ಸಂದಿಯಿಂದ ಚರಂಡಿ ನೀರು ಇಳಿದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬರಬಹುದು. ಆ ನೀರನ್ನು ಪೂರ್ತಿ ಖಾಲಿ ಮಾಡಿ, ಗೋಡೆ ಉಜ್ಜಿಸಿ ತೊಳೆದು, ಹೊಸ ನೀರು ತುಂಬಿ. ಮುಚ್ಚಿದ ಸಂಪಿನೊಳಗೆ ಯಾರನ್ನೂ ಒಬ್ಬಂಟಿಯಾಗಿ ಇಳಿಸಬೇಡಿ, ಉಸಿರುಗಟ್ಟಬಹುದು. 1,000 ಲೀಟರ್ ತಿಳಿನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5 ಗ್ರಾಂ ಸಾಕು. ಬೆರೆಸಿ ಒಂದು ಗಂಟೆ ಬಿಡಿ. ಕದಡಿದ ನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಕುಡಿಯುವ ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ನಾಚಾರಂ ಕೈಗಾರಿಕಾ ಪ್ರದೇಶವೂ ಹೌದು: ರಾಸಾಯನಿಕದ ವಾಸನೆ ಅಥವಾ ಎಣ್ಣೆಯ ಪದರ ಕಂಡರೆ ಆ ನೀರು ಕುದಿಸಿದರೂ ಕುಡಿಯಲು ಬಾರದು.

ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ಗೊತ್ತಾಗದೇ ಇರಬಹುದು, ಹಾಗಾಗಿ ಮನೆ ತೊಳೆಯುವ ಕೆಲಸ ಅವರಿಗೆ ಬೇಡ. ಬೇರೆಯವರೂ ಬೂಟು ಹಾಕಿಕೊಂಡೇ ಇಳಿಯಲಿ. ನೆರೆನೀರು ತುಳಿದ 30 ದಿನಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರ ಇರಬಹುದು. ಅಂಗಡಿಯಿಂದ ಮಾತ್ರೆ ತಂದು ನುಂಗದೆ ವೈದ್ಯರ ಬಳಿ ಹೋಗಿ, ನೆರೆನೀರಿಗೆ ಇಳಿದಿದ್ದಿರೆಂದು ಅವರು ಕೇಳದಿದ್ದರೂ ಹೇಳಿ.