ಮೊದಲು ಹೊಕ್ಕ ವೈರಸ್ ಯಾವುದು?

ಕೋಳಿ ಗೊರಗೊರ ಉಸಿರಾಡಿದರೆ, ಕಣ್ಣು ಬಾತರೆ ನಮ್ಮ ಬಾಯಿಗೆ ಮೊದಲು ಬರುವುದು ಕೊಕ್ಕರೆ ರೋಗದ ಹೆಸರು. ಅದು ರಾಣಿಖೇತ ವೈರಸ್‌ನಿಂದ ಬರುವಂಥದ್ದು. ಆದರೆ ಕೊರೊನಾ ಕುಲದ ಬ್ರಾಂಕೈಟಿಸ್ ವೈರಸ್, ಎಚ್9ಎನ್2 ಎಂಬ ಸೌಮ್ಯ ಹಕ್ಕಿಜ್ವರ, ಇವೂ ಇದೇ ಲಕ್ಷಣ ತೋರುತ್ತವೆ. ಮಹಾರಾಷ್ಟ್ರದ ಸೋಲಾಪುರ ಬಳಿಯ ಬೋರಾಮಣಿಯಂಥ ಹೆದ್ದಾರಿ ಬದಿಯ ಊರಲ್ಲಿ ಮರಿ, ಮೊಟ್ಟೆ ಟ್ರೇ, ಕೋಳಿ ಗಾಡಿಗಳ ಓಡಾಟ ನಿಲ್ಲುವುದಿಲ್ಲ. ಹಾಗಾಗಿ ಒಂದೇ ಶೆಡ್‌ಗೆ ಎರಡು ವೈರಸ್ ಬಂದಿರಬಹುದೆಂದು ಮೊದಲೇ ಅನುಮಾನಿಸಬೇಕು.

ಎರಡು ಸೇರಿದರೆ ರೋಗ ದುಪ್ಪಟ್ಟಾಗುತ್ತದೆ ಎಂದೇನಿಲ್ಲ. ರಾಣಿಖೇತ, ಹಕ್ಕಿಜ್ವರ ಎರಡೂ ಶ್ವಾಸನಾಳದ ಜೀವಕೋಶಕ್ಕೆ ಅಂಟಿಕೊಳ್ಳುವುದು ಒಂದೇ ಬಗೆಯ ಸಕ್ಕರೆಯ ಅಣುವಿಗೆ. ಮೊದಲು ಬಂದದ್ದು ಜಾಗ ಹಿಡಿಯುತ್ತದೆ. ಸೋಂಕಿದ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಸುರಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ರಾಣಿಖೇತ ಮೊದಲೇ ಹೊಕ್ಕ ಕೋಳಿಗಳಲ್ಲಿ ಮಾರಕ ಬಗೆಯ ಹಕ್ಕಿಜ್ವರದ ವೈರಸ್ ನಿಧಾನವಾಗಿ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಇದನ್ನು ರಕ್ಷಣೆ ಎಂದು ನಂಬಬಾರದು. ಸಾವು ತಡವಾದಷ್ಟೂ ರೋಗ ನಮ್ಮ ಕಣ್ಣಿಗೆ ಬೀಳುವುದೂ ತಡ. ಲಸಿಕೆಯಲ್ಲೂ ಇದೇ ಪೈಪೋಟಿಯಿದೆ: ಬ್ರಾಂಕೈಟಿಸ್‌ನ ಜೀವಂತ ಲಸಿಕೆಯು ರಾಣಿಖೇತಕ್ಕೆ ಹಾಕುವ ಲಸೋಟಾ ಲಸಿಕೆಯ ಬಲ ಕುಂದಿಸಬಲ್ಲದು. ಕಂಪನಿಯವರೇ ಅಳತೆ ಹಾಕಿ ಕೂಡಿಸಿದ ಲಸಿಕೆ ಬೇರೆ; ಎರಡು ಬಾಟಲಿ ತಂದು ನಾವೇ ಬಕೆಟ್‌ನಲ್ಲಿ ಬೆರೆಸುವುದು ಬೇಡ.

ಎಚ್9ಎನ್2ಗೆ ಬ್ರಾಂಕೈಟಿಸ್ ಜೊತೆಯಾದಾಗ ಮಾತ್ರ ಲೆಕ್ಕ ತಿರುಗುತ್ತದೆ. ಈ ಜ್ವರದ ವೈರಸ್‌ನ ಮೇಲ್ಮೈ ಪ್ರೋಟೀನನ್ನು ಯಾವುದಾದರೂ ಕಿಣ್ವ ಕತ್ತರಿಸಿದರೆ ಮಾತ್ರ ಅದು ಕೋಶದೊಳಗೆ ಹೋಗಬಲ್ಲದು. ಅಂಥ ಕಿಣ್ವ ಕೋಳಿಯ ಶ್ವಾಸನಾಳ, ಕರುಳಿನಲ್ಲಿದೆ. ಕೆಲವು ಬ್ಯಾಕ್ಟೀರಿಯಾಗಳೂ ಅದನ್ನು ಒದಗಿಸುತ್ತವೆ. ಬ್ರಾಂಕೈಟಿಸ್ ಜೊತೆಗಿದ್ದಾಗ ಎಚ್9ಎನ್2 ಹೆಚ್ಚು ಉಗ್ರವಾದದ್ದೂ ಪ್ರಯೋಗಗಳಲ್ಲಿ ಕಂಡಿದೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಉದುರಿದ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಅಡ್ಡಿಯೇ ಇಲ್ಲ. ಪಶುವೈದ್ಯರು ಕೋಳಿ ಕೊಯ್ದಾಗ, ತೆಳು ಪ್ಲಾಸ್ಟಿಕ್ ಹಾಳೆಯಂತೆ ಪಾರದರ್ಶಕವಾಗಿರಬೇಕಾದ ಗಾಳಿಚೀಲ ಮಬ್ಬಾಗಿ, ಹಳದಿ ಕೀವುಗಟ್ಟಿರುತ್ತದೆ. ಹೃದಯ, ಯಕೃತ್ತಿನ ಮೇಲೆ ಬಿಳಿ ಪೊರೆ. ಆ್ಯಂಟಿಬಯಾಟಿಕ್ ಈ ಇ. ಕೋಲಿಯನ್ನು ತಗ್ಗಿಸೀತು, ವೈರಸ್ ತಂಟೆಗೆ ಹೋಗದು. ಔಷಧಿ ಕೊಟ್ಟ ಎರಡು ದಿನ ಸುಧಾರಿಸಿ ಮತ್ತೆ ಗೊರಗೊರ ಶುರುವಾದರೆ ಈ ಜೋಡಿಯ ಮೇಲೆ ಅನುಮಾನ ಬರಬೇಕು.

ರೋಗ ಶುರುವಾದ ಮೊದಲ ದಿನಗಳಲ್ಲೇ ಗಂಟಲ ಸ್ವಾಬ್ ತೆಗೆಸಿ, ಬರ್ಫದಲ್ಲಿಟ್ಟು ಪುಣೆಯ ಔಂಧ್ ಪ್ರಯೋಗಾಲಯಕ್ಕೆ ಕಳಿಸಲು ಪಶುವೈದ್ಯರನ್ನು ಕೇಳಿ; ಮೂರೂ ವೈರಸ್‌ಗೆ ಪರೀಕ್ಷೆಯಾಗಲಿ. ಲಸೋಟಾ ಹಾಕಿದ ತಾರೀಖನ್ನು ಚೀಟಿಯಲ್ಲಿ ತಪ್ಪದೆ ಬರೆಯಿರಿ, ಇಲ್ಲದಿದ್ದರೆ ಲಸಿಕೆಯ ವೈರಸ್ಸೇ ರೋಗವೆಂದು ವರದಿಯಾದೀತು. ಒಮ್ಮೆಲೇ ಹಲವು ಕೋಳಿ ಸತ್ತರೆ ಕೊಯ್ಯಬೇಡಿ, ಮಾರಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 2021ರ ಜನವರಿಯಲ್ಲಿ ಪರಭಣಿ ಜಿಲ್ಲೆಯ ಮುರುಂಬಾದಲ್ಲಿ ಹಾಗೆ ಸತ್ತ ಕೋಳಿಗಳಲ್ಲಿ ಮಾರಕ ಬಗೆಯ ಹಕ್ಕಿಜ್ವರ ಖಚಿತವಾಗಿತ್ತು.